ಆರ್ಸ್ ಗ್ರಾಮದ ಗುರು

ಫ್ರಾನ್ಸ್ ದೇಶದ ಲಿಯೋನ್ ನಗರಕ್ಕೆ ಉತ್ತರದಲ್ಲಿರುವ ಆರ್ಸ್, 1818ರಲ್ಲಿ ಸುಮಾರು 230 ಮಂದಿ ವಾಸಿಸುತ್ತಿದ್ದ ಒಂದು ಕುಗ್ರಾಮ. ಫ್ರೆಂಚ್ ಮಹಾಕ್ರಾಂತಿಯ ಕೋಲಾಹಲದಲ್ಲಿ ಪೂಜೆ ನಿಂತು, ಗುರುಗಳು ಚದುರಿಹೋಗಿ, ಒಂದು ತಲೆಮಾರೇ ಧರ್ಮಬೋಧೆಯಿಲ್ಲದೆ ಬೆಳೆದಿದ್ದ ಆ ಊರಿಗೆ ಅದೇ ವರ್ಷದ ಫೆಬ್ರವರಿಯಲ್ಲಿ ಧರ್ಮಕೇಂದ್ರದ ಗುರುವಾಗಿ ಬಂದವರು ಮೂವತ್ತೊಂದು ವರ್ಷ ವಯಸ್ಸಿನ ಜಾನ್ ಮರಿಯ ವಿಯಾನ್ನಿ. ಮುಂದೆ 1925ರಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳಿಂದ ಸಂತಪದವಿಯನ್ನು ಪಡೆದು, 1929ರಲ್ಲಿ ಧರ್ಮಕೇಂದ್ರಗಳ ಗುರುಗಳಿಗೆಲ್ಲ ಪಾಲಕ ಸಂತರೆಂದು ಘೋಷಿತರಾದ ಈ ಮಹನೀಯರ ಚರಿತ್ರೆಯನ್ನು ಪವಾಡಗಳ ಕಥೆಯೆಂಬಂತೆ ಓದುವವರೇ ಹೆಚ್ಚು. ನನಗಾದರೋ ಅದು ತನ್ನ ದೌರ್ಬಲ್ಯವನ್ನು ಎಂದಿಗೂ ಗೆಲ್ಲಲಾರದ ಒಬ್ಬ ಮನುಷ್ಯನು ಅದರ ಸಂಗಡವೇ ಬಾಳಿ ಸೇವೆ ಸಲ್ಲಿಸಿದ ಚರಿತ್ರೆಯಾಗಿ ಕಾಣುತ್ತದೆ.

ದಾರ್ದಿಯಿ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ 1786ರಲ್ಲಿ ಹುಟ್ಟಿದ ವಿಯಾನ್ನಿಯವರು ಕ್ರಾಂತಿಯ ಆ ದಿನಗಳಲ್ಲಿ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದ್ದೇ ಒಂದು ಮನೆಯಲ್ಲಿ, ಗುಪ್ತವಾಗಿ. ಒಳಗಿನ ದೀಪ ಹೊರಗೆ ಕಾಣದಿರಲೆಂದು ಆ ಮನೆಯ ಕಿಟಕಿಗಳಿಗೆ ಅಡ್ಡಲಾಗಿ ಹುಲ್ಲಿನ ಗಾಡಿಗಳನ್ನು ನಿಲ್ಲಿಸಿದ್ದರಂತೆ. ಗುರುವಾಗಬೇಕೆಂಬ ಹಂಬಲವನ್ನು ಹೊತ್ತು, ಇಪ್ಪತ್ತರ ಸುಮಾರಿನಲ್ಲಿ ಎಕ್ಯುಯಿಯ ಧರ್ಮಕೇಂದ್ರದ ಶಾರ್ಲ್ ಬಾಲಿ ಗುರುಗಳ ಬಳಿ ಅವರು ಲ್ಯಾಟಿನ್ ಕಲಿಯತೊಡಗಿದಾಗ, ನೇಗಿಲಿಗೆ ಒಗ್ಗಿದ ಆ ಯುವಕನ ತಲೆಯಲ್ಲಿ ವ್ಯಾಕರಣದ ಒಂದು ಸೂತ್ರವೂ ನಿಲ್ಲದಾಯಿತು. ಶಾಸ್ತ್ರಪಾಠವೆಲ್ಲವೂ ಲ್ಯಾಟಿನ್ ಭಾಷೆಯಲ್ಲೇ ನಡೆಯುತ್ತಿದ್ದ ಕಾಲವದು. 1813ರಲ್ಲಿ ಲಿಯೋನಿನ ಗುರುಮಠವನ್ನು ಸೇರಿದರೂ, ಕೇಳಿದ ಪ್ರಶ್ನೆಯೇ ಅರ್ಥವಾಗದ ವಿದ್ಯಾರ್ಥಿಯನ್ನು ಮೇಲಿನವರು ಕೆಲವು ತಿಂಗಳಲ್ಲೇ ಮನೆಗೆ ಕಳುಹಿಸಿಬಿಟ್ಟರು. ಬಾಲಿಯವರು ಕೈಬಿಡಲಿಲ್ಲ. ಅದೇ ಶಾಸ್ತ್ರವನ್ನು ಫ್ರೆಂಚ್ ಭಾಷೆಯಲ್ಲಿ ತಾವೇ ಹೇಳಿಕೊಟ್ಟರು. ಅಧಿಕಾರಿಗಳಲ್ಲಿಗೆ ಹೋಗಿ ವಾದಿಸಿದರು. ಶಿಷ್ಯನನ್ನು ಮರಳಿ ಪರೀಕ್ಷಿಸುವಂತೆ ಮಾಡಿದರು. 1815ರ ಆಗಸ್ಟ್ 13ರಂದು ಗ್ರೆನೋಬ್ಲ್ ನಗರದಲ್ಲಿ ಗುರುದೀಕ್ಷೆಯೇನೋ ಆಯಿತು, ಆದರೆ ಪಾಪನಿವೇದನೆಯನ್ನು ಕೇಳುವ ಅಧಿಕಾರವನ್ನು ಮಾತ್ರ ಕೆಲವು ತಿಂಗಳು ಅವರಿಗೆ ಕೊಡಲಿಲ್ಲ. ಕೊನೆಗೆ ಅದು ದೊರೆತಾಗ ಅವರ ಮುಂದೆ ಮೊಟ್ಟಮೊದಲು ಮೊಣಕಾಲೂರಿದವರು ಸ್ವತಃ ಬಾಲಿಯವರು. ಶಿಷ್ಯನ ಕೊರತೆಗಳನ್ನೆಲ್ಲ ಬಲ್ಲ ಆಚಾರ್ಯನೇ ಆ ಶಿಷ್ಯನೆದುರು ತನ್ನ ಪಾಪಗಳನ್ನು ನಿವೇದಿಸಿಕೊಂಡ ಆ ಗಳಿಗೆಗಿಂತ ದೊಡ್ಡ ಘಟನೆಯನ್ನು ಈ ಚರಿತ್ರೆಯಲ್ಲಿ ನಾನು ಕಾಣೆ.

ಆರ್ಸಿನ ಆರಂಭದ ವರ್ಷಗಳಲ್ಲಿ ಪ್ರವಚನವೆಂಬುದು ಅವರಿಗೊಂದು ಯಾತನೆಯಾಗಿತ್ತು. ಪೂಜಾವಸ್ತ್ರಗಳನ್ನಿಡುವ ಕೋಣೆಯಲ್ಲಿ ಕುಳಿತು, ಹಳೆಯ ಪ್ರವಚನಗ್ರಂಥಗಳಿಂದ ಪುಟಗಟ್ಟಲೆ ಎತ್ತಿ ಬರೆದು, ರಾತ್ರಿಯೆಲ್ಲ ಉರುಹಾಕಿ, ಭಾನುವಾರ ವೇದಿಕೆಯನ್ನೇರಿದರೆ ನಡುವೆಯೇ ಮಾತು ಮರೆತುಹೋಗಿ, ತಲೆತಗ್ಗಿಸಿ ಇಳಿದುಬರಬೇಕಾದ ಪ್ರಸಂಗಗಳಿದ್ದುವು. ಆ ದಿನಗಳಲ್ಲಿ ಅವರು ಬಹಳ ಕಠಿಣರೂ ಆಗಿದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹೆಂಡದಂಗಡಿಗಳ ಮೇಲೂ ಕುಣಿತಗಳ ಮೇಲೂ ಅವರು ಸಾರಿದ ಯುದ್ಧ ಉಗ್ರವಾದುದು. ಕುಣಿತವನ್ನು ಬಿಡದವರಿಗೆ ಪಾಪವಿಮೋಚನೆಯನ್ನೇ ನಿರಾಕರಿಸುತ್ತಿದ್ದರು. ಒಮ್ಮೆ ಬೇಯಿಸಿದ ಆಲೂಗೆಡ್ಡೆಯನ್ನೇ ದಿನಗಟ್ಟಲೆ ತಿನ್ನುತ್ತಿದ್ದ ತಮ್ಮ ವ್ರತವನ್ನು ಯೌವನದ ಅವಿವೇಕವೆಂದು ಅವರೇ ಮುಂದೆ ಕರೆದುಕೊಂಡರು. ವರ್ಷಗಳು ಉರುಳಿದಂತೆ, ಬಂದವರಿಗೆ ಅಲ್ಪಪ್ರಾಯಶ್ಚಿತ್ತವನ್ನು ವಿಧಿಸಿ ಉಳಿದುದನ್ನು ತಾವೇ ಆಚರಿಸುವ ಮಾರ್ದವ ಅವರಲ್ಲಿ ಮೂಡಿತು. ತನ್ನ ಅಸಾಮರ್ಥ್ಯವನ್ನು ದಿನದಿನವೂ ಕಂಡುಕೊಂಡವನಿಗೆ ಪರರ ಅಸಾಮರ್ಥ್ಯದ ಮೇಲೆ ಹುಟ್ಟುವ ಕರುಣೆಯಿದೆಂದೇ ನನ್ನ ಅಭಿಪ್ರಾಯ.

ಅವರಲ್ಲಿ ಪಾಪನಿವೇದನೆ ಮಾಡಿಕೊಳ್ಳಲೆಂದು ಹೊರಗಿನ ಊರುಗಳಿಂದ ಜನಪ್ರವಾಹ ಆರ್ಸಿನತ್ತ ಹರಿಯತೊಡಗಿದಾಗ ನೆರೆಯ ಗುರುಗಳಿಗೆ ಅದು ಸಹ್ಯವಾಗಲಿಲ್ಲ. ಇಂಥ ಅಲ್ಪವಿದ್ಯರು ಆತ್ಮಗಳಿಗೆ ದಾರಿ ತೋರಿಸುವುದು ಅನರ್ಥವೆಂದು ಧರ್ಮಾಧ್ಯಕ್ಷರಿಗೆ ದೂರು ಬರೆದು, ರುಜುವಿಗಾಗಿ ಕೈಯಿಂದ ಕೈಗೆ ಸಾಗಿಸಿದರು. ಆ ಕಾಗದ ತಪ್ಪಿ ವಿಯಾನ್ನಿಯವರ ಕೈಗೇ ಬಂದಾಗ, ಓದಿ ನೋಡಿ, ಬರೆದುದೆಲ್ಲ ನಿಜವೆಂದು ಅವರೂ ತಮ್ಮ ರುಜುವನ್ನು ಹಾಕಿ ಕಳುಹಿಸಿದರೆಂದು ಚರಿತ್ರಕಾರರು ಹೇಳುತ್ತಾರೆ. ನೋತ್ರ್‌ದಾಮ್ ದೇವಾಲಯದ ಪ್ರವಚನಗಳಿಂದ ಪ್ಯಾರಿಸ್ಸನ್ನೇ ಮಂತ್ರಮುಗ್ಧಗೊಳಿಸಿದ್ದ ಲಕೋರ್ದೇರ್ 1845ರಲ್ಲಿ ಆರ್ಸಿಗೆ ಬಂದು, ಈ ಹಳ್ಳಿಗುರುವಿನ ತಡವರಿಸುವ ಮಾತನ್ನು ಜನರ ನಡುವೆ ಕುಳಿತು ಭಕ್ತಿಯಿಂದ ಆಲಿಸಿದರು.

ಇಷ್ಟಾದರೂ ಅವರ ಅಂತರಂಗ ಶಾಂತವಾಗಿತ್ತೆಂದು ತಿಳಿಯಬಾರದು. ಇಷ್ಟು ದೊಡ್ಡ ಹೊಣೆಗೆ ತಾನು ಅಯೋಗ್ಯನೆಂಬ ಭೀತಿ ಕಡೆಯವರೆಗೂ ಅವರನ್ನು ಬಿಡಲಿಲ್ಲ. ಎಲ್ಲಿಯಾದರೂ ಏಕಾಂತದಲ್ಲಿ ಕುಳಿತು ತನ್ನ ಬಾಳಿಗಾಗಿ ಅಳಬೇಕೆಂದು ಊರನ್ನೇ ತೊರೆದು ಹೋಗಲು ಅವರು ಒಂದಲ್ಲ, ಹಲವು ಬಾರಿ ಯತ್ನಿಸಿದರು. 1843ರಲ್ಲಿ ತೀವ್ರವಾದ ಕಾಯಿಲೆಯಿಂದ ಎದ್ದ ಮೇಲೆ ರಾತ್ರೋರಾತ್ರಿ ದಾರ್ದಿಯಿಯ ಅಣ್ಣನ ಮನೆಯನ್ನು ಸೇರಿದರೆ, ಯಾತ್ರಿಕರು ಬೆನ್ನಟ್ಟಿ ಅಲ್ಲಿಗೂ ಬಂದರು. 1853ರ ಸೆಪ್ಟೆಂಬರಿನ ಒಂದು ರಾತ್ರಿ ಮತ್ತೆ ಹೊರಟಾಗ ದೇವಾಲಯದ ಗಂಟೆ ಮೊಳಗಿ, ಜನ ಎದ್ದು ಬಂದು ದಾರಿಗೆ ಅಡ್ಡಲಾಗಿ ನಿಂತರು. ಅವರು ಹಿಂದಿರುಗಿ ಪಾಪನಿವೇದನೆಯ ಪೀಠದಲ್ಲಿ ಕುಳಿತರು. ಅಂದಿನಿಂದ ಮುಂದಿನ ಆರು ವರ್ಷಗಳಲ್ಲಿ, ದಿನಕ್ಕೆ ಹದಿನಾರು ಗಂಟೆಗೂ ಮಿಗಿಲಾಗಿ ಪರರ ಪಾಪಗಳನ್ನು ಆಲಿಸುವ ಆ ಪೀಠವೇ ಅವರ ವಾಸಸ್ಥಾನವಾಯಿತು. 1859ರ ಜುಲೈ ತಿಂಗಳ ಕೊನೆಯಲ್ಲಿ ದೇಹ ಸೋತು ಹಾಸಿಗೆ ಹಿಡಿಯುವವರೆಗೂ ಅವರು ಅದನ್ನು ಬಿಟ್ಟೇಳಲಿಲ್ಲ. ಆಗಸ್ಟ್ 4ರಂದು ಆರ್ಸಿನಲ್ಲೇ ತೀರಿಕೊಂಡರು.