ಕ್ಯಾಸೆಟ್ಟಿನೊಳಗಿನ ಹೆಣ್ಣು

ಸಿ. ಅಶ್ವಥ್ ಅವರ ಹಾಡಿನ ಮಾತು ಬಂದರೆ ಸಾಕು, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎರಡು ಪಕ್ಷಗಳಾಗುತ್ತವೆ. ನನ್ನ ವಯಸ್ಸಿನವರಿಗೆ ಅವರ ಹಾಡೆಂದರೆ ಕಣ್ಣಲ್ಲಿ ನೀರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಮಾತ್ರ, "ಅಯ್ಯೋ ಮೇಡಂ, ಎಷ್ಟೊಂದು ಗೋಳು! ಅದೂ ಅಷ್ಟು ಎತ್ತರದ ದನಿಯಲ್ಲಿ!" ಎನಿಸುತ್ತದೆ. ಈ ವಾದದಲ್ಲಿ ನಾನು ಯಾವ ಪಕ್ಷಕ್ಕೂ ಸೇರಿದವಳಲ್ಲ. ಹೋದ ಬೇಸಿಗೆ ರಜೆಯಲ್ಲಿ ಹಳೆಯ ಟೇಪ್ ರೆಕಾರ್ಡರನ್ನು ರಿಪೇರಿ ಮಾಡಿಸಿ, ಅಟ್ಟದ ಮೇಲಿದ್ದ ಕ್ಯಾಸೆಟ್ಟುಗಳನ್ನು ಇಳಿಸಿ, ಒಂದಾದ ಮೇಲೊಂದರಂತೆ ಕೇಳುತ್ತ ಕುಳಿತೆ. ಕೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಪ್ರಶ್ನೆ. ಈ ಹಾಡುಗಳಲ್ಲಿರುವ ದುಃಖ ಯಾರದು? ಬರೆದವರು ಹೆಚ್ಚಾಗಿ ಗಂಡಸರು, ರಾಗ ಹಾಕಿದವರೂ ಗಂಡಸರು. ಅಡಿಗೆಮನೆಯಲ್ಲಿ ಕೆಲಸ ಮಾಡುತ್ತ, ಬಟ್ಟೆ ಮಡಿಸುತ್ತ, ಅವನ್ನು ದಿನಕ್ಕೆರಡು ಸಲ ಕೇಳಿದವರು ಮಾತ್ರ ನಾವು.

ಕವಿತೆಯನ್ನು ವೇದಿಕೆಯ ಮೇಲೆ ಹಾಡಿ ಜನರ ಬಾಯಿಗೆ ತಂದವರಲ್ಲಿ ಮೊದಲು ನೆನೆಯಬೇಕಾದದ್ದು ಪಿ. ಕಾಳಿಂಗರಾಯರನ್ನು. 1914ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಅವರನ್ನು ನಮ್ಮ ತಾಯಿಯ ತಲೆಮಾರು ರೇಡಿಯೋದಲ್ಲಿ, ಗಣೇಶೋತ್ಸವದ ಚಪ್ಪರದಲ್ಲಿ ಕೇಳಿತು. ರೇಡಿಯೋ ಹಾಡು ಅದು ಬಂದಾಗ ಕೇಳಬೇಕು. ಹಾಲು ಉಕ್ಕಿದರೆ ಹಾಡು ಹೋಯಿತು. ಕ್ಯಾಸೆಟ್ಟು ಬಂದದ್ದೇ ಹಾಡು ನಮ್ಮ ಸಮಯಕ್ಕೆ ಕಾಯತೊಡಗಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಎಂದು ಅದನ್ನು ಕರೆಯುತ್ತಾರೆ. ಸಿನಿಮಾ ಇಲ್ಲದೆ, ನಾಯಕ ನಾಯಕಿಯರಿಲ್ಲದೆ, ಬರೀ ಕವಿತೆಯೊಂದು ಅಂಗಡಿಯಲ್ಲಿ ಮಾರಾಟವಾಗಬಹುದು ಎಂದು ತೋರಿಸಿದ್ದು ಅದು. ಅನಂತಸ್ವಾಮಿಯವರ ಧಾಟಿಗಳ ಗುಣವೆಂದರೆ, ಸಂಗೀತ ಕಲಿಯದ ನಮ್ಮಂಥವರೂ ಎರಡು ಸಲ ಕೇಳಿ ಜೊತೆಗೆ ಹಾಡಬಹುದು. ಅದು ಸಣ್ಣ ಗುಣವಲ್ಲ. ನಾಡಗೀತೆಗೆ ಯಾವ ಧಾಟಿ ಎಂದು ವರ್ಷಗಟ್ಟಲೆ ಎಳೆದಾಟ ನಡೆದು, ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಒಪ್ಪಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದಿತು. ಬೆಳಗಿನ ಬಿಸಿಲಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿರುವ ನಮಗೆ ಆ ಎರಡೂವರೆ ನಿಮಿಷದ ಬೆಲೆ ಗೊತ್ತು!

ಅನಂತಸ್ವಾಮಿ ಜೊತೆಗೆ ಕರೆದುಕೊಂಡು ಹೋಗುವವರಾದರೆ, ಅಶ್ವಥ್ ನಿಲ್ಲಿಸಿ ಕೇಳಿಸುವವರು. 1939ರ ಡಿಸೆಂಬರ್ 29ರಂದು ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಅವರು ಹಲವು ವರ್ಷ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡಿದವರು. ಪೀಣ್ಯ, ಜಾಲಹಳ್ಳಿಗಳ ಪಕ್ಕದಲ್ಲಿ ಬದುಕುವ ನಮ್ಮ ಚಿಕ್ಕಬಾಣಾವರದವರಿಗೆ ಈ ಸಂಗತಿ ಯಾಕೋ ಹತ್ತಿರದ್ದು. ಎಚ್.ಎಂ.ಟಿ., ಬಿ.ಇ.ಎಲ್., ಐ.ಟಿ.ಐ. ಎಂದರೆ ಬರೀ ಗಡಿಯಾರ, ರೇಡಾರು, ಟೆಲಿಫೋನು ಮಾತ್ರವಾಗಿರಲಿಲ್ಲ. ನವೆಂಬರ್ ಬಂತೆಂದರೆ ಅಲ್ಲಿ ರಾಜ್ಯೋತ್ಸವ, ನಾಟಕ, ಹಾಡು. ಪಾಳಿ ಮುಗಿಸಿ ಕೈಯ ಗ್ರೀಸು ತೊಳೆದು ಹಾರ್ಮೋನಿಯಂ ಮುಂದೆ ಕೂರುವವರು ಆ ಕಾಲದಲ್ಲಿ ಬಹಳ ಮಂದಿ. ಅಶ್ವಥ್ ಸಿನಿಮಾಕ್ಕೆ ಬಂದದ್ದು ಮಾಸ್ತಿಯವರ ನಾಟಕವನ್ನಾಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ 'ಕಾಕನಕೋಟೆ'ಯಿಂದ, 1977ರಲ್ಲಿ. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ 'ಅಶ್ವಥ್-ವೈದಿ' ಎಂಬ ಹೆಸರಲ್ಲೂ ಸಂಗೀತ ಕೊಟ್ಟರು. ಅದೆಲ್ಲ ಸಿನಿಮಾದವರ ಲೆಕ್ಕಕ್ಕಿರಲಿ.

ನನಗೆ ಅಶ್ವಥ್ ಪರಿಚಯವಾದದ್ದು ಕೆ.ಎಸ್. ನರಸಿಂಹಸ್ವಾಮಿಯವರ ಮೂಲಕ. ಎಂಬತ್ತರ ದಶಕ, ನಾನಿನ್ನೂ ಹೈಸ್ಕೂಲು ಹುಡುಗಿ. ಅಣ್ಣ ತಂದ ಕ್ಯಾಸೆಟ್ಟು ತಿರುಗಿ ತಿರುಗಿ ಟೇಪು ಸವೆಯಿತು. 'ಮೈಸೂರ ಮಲ್ಲಿಗೆ' ಪುಸ್ತಕವಾಗಿ ಬಂದದ್ದು 1942ರಲ್ಲಿ. ಸರಿಯಾಗಿ 50 ವರ್ಷಕ್ಕೆ, 1992ರಲ್ಲಿ, ಟಿ.ಎಸ್. ನಾಗಾಭರಣ ಅದೇ ಹೆಸರಿನ ಸಿನಿಮಾ ಮಾಡಿದರು. ಸಂಗೀತ ಅಶ್ವಥ್ ಅವರದೇ. ಗೀತರಚನೆಗೆಂದು ಕವಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆ ಹದಿನಾಲ್ಕು ಹದಿನೈದರ ವಯಸ್ಸಿಗೆ ಮದುವೆಯೆಂದರೆ ಅದೇ ಎಂದುಕೊಂಡು ನಾವೆಲ್ಲ ಬೆಳೆದೆವು. ಗಂಡ ಹೀಗೆ ಕಾಯುತ್ತಾನೆ, ಹೆಂಡತಿ ಹೀಗೆ ನಾಚುತ್ತಾಳೆ, ನಡುವೆ ಒಂದಿಷ್ಟು ಹೂವು, ಒಂದಿಷ್ಟು ಮುನಿಸು.

ಈಗ ಐವತ್ತು ದಾಟಿದ ಕಿವಿಯಲ್ಲಿ ಕೇಳಿದಾಗ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಬಳೆಗಾರ ಚೆನ್ನಯ್ಯನ ಹಾಡನ್ನೇ ನೋಡಿ. ಹೆಂಡತಿ ತವರಿನಲ್ಲಿದ್ದಾಳೆ. ಅವಳ ಸಮಾಚಾರ ಗಂಡನಿಗೆ ತಲಪುವುದು ಬಳೆಗಾರನ ಬಾಯಲ್ಲಿ. ಅವಳ ಬಸಿರು, ಬಯಕೆ, ಬೇಸರ ಎಲ್ಲವನ್ನೂ ಹೇಳುವವನು ಇನ್ನೊಬ್ಬ. ಅವಳು ತುಟಿ ಬಿಚ್ಚುವುದಿಲ್ಲ. ಎಷ್ಟು ಮುದ್ದಾದ ಹಾಡು! ಅಶ್ವಥ್ ಅದಕ್ಕೆ ಬೀದಿಯಲ್ಲಿ ನಡೆದು ಬಂದವನ ಏದುಸಿರನ್ನೂ ವಿನಯವನ್ನೂ ಕೊಟ್ಟಿದ್ದಾರೆ. ಆದರೂ ಆ ಮನೆಯ ಹೆಣ್ಣು ನನಗೆ ಕಾಣುವುದು ಪರದೆಯಾಚೆ ಆಡುವ ನೆರಳಿನ ಹಾಗೆ. ತವರಿನಿಂದ ಗಂಡನಿಗೆ ಹೆಂಡತಿಯೇ ಹೇಳಿಕೊಳ್ಳುವ ಹಾಡೊಂದಿದೆ ನಿಜ. ಅಲ್ಲಿಯೂ ಅವಳ ಮೊದಲ ಚಿಂತೆ, ಸುಖದಲ್ಲಿ ನಿಮ್ಮನ್ನು ಮರೆತೆನೆಂದು ತಿಳಿಯಬೇಡಿ ಎಂಬ ಸಮಜಾಯಿಷಿಯೇ. ಕವಿಯನ್ನು ದೂರುವ ಮಾತಲ್ಲ ಇದು. 1942ರಲ್ಲಿ ಕೈಹಿಡಿದ ಹೆಂಡತಿಯನ್ನು ಪ್ರೀತಿಸುತ್ತೇನೆಂದು ಬಹಿರಂಗವಾಗಿ ಹೇಳಿದ್ದೇ ದೊಡ್ಡದು. ಹಾಡುವಾಗ ರತ್ನಮಾಲಾ ಪ್ರಕಾಶ್, ಬಿ.ಆರ್. ಛಾಯಾ ಮುಂತಾದವರ ದನಿ ಇಲ್ಲದಿದ್ದರೆ ಆ ಕಾಲದ ಭಾವಗೀತೆಗೆ ಮನೆಯೊಳಗೆ ಅಷ್ಟು ಜಾಗ ಸಿಗುತ್ತಿರಲಿಲ್ಲ ಎಂದೂ ನನಗನ್ನಿಸುತ್ತದೆ. ನಾವು ಗುನುಗುತ್ತಿದ್ದದ್ದು ಅವರ ಶ್ರುತಿಯಲ್ಲಿ.

ಇನ್ನು ಶಿಶುನಾಳ ಷರೀಫರು. ಈ ಹಾಡುಗಳ ಮುಂದೆ ನನ್ನ ತಕರಾರೆಲ್ಲ ಅರ್ಧ ಕರಗುತ್ತದೆ. 1819ರಿಂದ 1889ರವರೆಗೆ ಬದುಕಿದ ಆ ಸಂತನ ಪದಗಳು ಧಾರವಾಡದ ಕಡೆ ಭಜನೆಗಳಲ್ಲಿ ಇದ್ದೇ ಇದ್ದವು. ಹಳೆ ಮೈಸೂರಿನ ನಮ್ಮ ಮನೆಗಳಿಗೆ ಅವನ್ನು ತಂದದ್ದು ಅಶ್ವಥ್ ಅವರ ಕ್ಯಾಸೆಟ್ಟು. ಆಮೇಲೆ 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಬಂತು. ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ನಟಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಸಿಕ್ಕಿತು. 'ಗೋಳು' ಎನ್ನುವ ನಮ್ಮ ಹುಡುಗಿಯರು ಇದನ್ನು ಕೇಳಬೇಕು. ಇಲ್ಲಿ ಅಶ್ವಥ್ ಇಂಪಿನ ಹಿಂದೆ ಹೋಗುವುದಿಲ್ಲ. ದನಿ ಒಡೆದರೆ ಒಡೆಯಲಿ, ಮಾತು ತಲಪಲಿ ಎಂಬ ಧೈರ್ಯ. ದುಃಖದ ಒಳಗೇ ಒಂದು ಕುಚೋದ್ಯದ ನಗು.

ಗಂಡನ ಮನೆಗೆ ಹೊರಟ ತಂಗಿಯನ್ನು ಸಮಾಧಾನ ಮಾಡುವ ಪದವನ್ನು ಶಿವಮೊಗ್ಗ ಸುಬ್ಬಣ್ಣ ಹಾಡಿದ್ದಾರಲ್ಲ, ಅದನ್ನು ಕೇಳಿ ಅಳದ ಹೆಂಗಸರನ್ನು ನಾನು ಕಂಡಿಲ್ಲ. ತಿಳಿದವರು ಅದಕ್ಕೆ ಜೀವಾತ್ಮ, ಪರಲೋಕ, ಗುರು ಎಂದೆಲ್ಲ ಅರ್ಥ ಹೇಳುತ್ತಾರೆ. ಇರಬಹುದು. ನಮ್ಮಮ್ಮನಿಗೆ ಅದು ಟ್ರಂಕು ಹಿಡಿದು ಎತ್ತಿನ ಗಾಡಿ ಹತ್ತಿದ ದಿನದ ಹಾಡು, ಅಷ್ಟೇ. ಅದೇ ಷರೀಫರದು ಇನ್ನೊಂದು ಪದವುಂಟು: ಪ್ರೀತಿಯ ಮಡದಿ ಹೋದ ಮೇಲೆ ಬೀಗರ ನಂಟು ಕಳಚಿತು ಎಂಬರ್ಥದ್ದು. ವೈರಾಗ್ಯದ ಪದವೆಂದು ಎಲ್ಲರೂ ತಲೆದೂಗುತ್ತಾರೆ. ಷರೀಫರು ನಿಜವಾಗಿ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡವರು, ಆ ನೋವಿನ ಬಗ್ಗೆ ಅನುಮಾನವಿಲ್ಲ. ಆದರೂ ಈ ಸಲ ಕೇಳುವಾಗ ಬಟ್ಟೆ ಮಡಿಸುತ್ತಿದ್ದ ನನ್ನ ಕೈ ನಿಂತಿತು. ಗಂಡ ಸತ್ತರೆ ಹೆಣ್ಣು ಅತ್ತೆಮನೆಯ ಹಂಗು ಹರಿಯಿತೆಂದು ಹಾಡಿಕೊಂಡು ಹೊರಡುವ ಹಾಗಿತ್ತೇ? ವೈರಾಗ್ಯಕ್ಕೂ ಬಾಗಿಲ ಕೀಲಿ ಕೈಯಲ್ಲಿರಬೇಕು.

2005ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮವನ್ನು ಬಹಳ ಮಂದಿ ಅಶ್ವಥ್ ಬದುಕಿನ ಶಿಖರವೆನ್ನುತ್ತಾರೆ. ಜನಸಾಗರ, ಗಾಯಕರ ದೊಡ್ಡ ತಂಡ, ಕನ್ನಡದ ಕವಿತೆ ಕೇಳಲು ಅಷ್ಟು ಜನ. ಹೆಮ್ಮೆಯೇನೋ ಆಗುತ್ತದೆ. ನನಗೆ ಮಾತ್ರ ಆ ಕಾಲದ ಹಾಡುಗಳಲ್ಲಿ ವಾದ್ಯಗಳ ನಡುವೆ ಸಂದು ಸಾಲದು. ಒಬ್ಬರೇ ಕೂತು ಕೇಳುವವರಿಗೆ ಅಲ್ಲಿ ಜಾಗ ಕಡಿಮೆ. ನಾಲ್ಕು ವರ್ಷದ ತರುವಾಯ, 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಅವರು ಹೊರಟುಹೋದರು.

ಹಾಗಾದರೆ ನನ್ನ ಲೆಕ್ಕದಲ್ಲಿ ಅವರ ಶಿಖರ ಯಾವುದು? ಹೇಳಿದರೆ ಹಳಬರು ಹುಬ್ಬೇರಿಸುತ್ತಾರೆ. 1997ರ 'ನಾಗಮಂಡಲ'. ಕಾರ್ನಾಡರ ನಾಟಕ, ನಾಗಾಭರಣರ ನಿರ್ದೇಶನ, ಗೋಪಾಲ ಯಾಜ್ಞಿಕರ ಪದಗಳು, ಉತ್ತರ ಕರ್ನಾಟಕದ ಮಾತು. ಕಥೆ ನಿಮಗೆ ಗೊತ್ತಿದ್ದದ್ದೇ. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಹೋಗುತ್ತಾನೆ. ರಾತ್ರಿ ಗಂಡನ ರೂಪದಲ್ಲಿ ನಾಗಪ್ಪ ಬರುತ್ತಾನೆ. ಅದರಲ್ಲಿ ಸಂಗೀತಾ ಕಟ್ಟಿ ಹಾಡಿದ ಒಂದು ಹಾಡು, ಮಾತಿಗೆ ಬೇರೆ ಜೀವವಿಲ್ಲದ ಮನೆಯಲ್ಲಿ ಹುಡುಗಿ ಕಂಬದ ಮೇಲೆ ಕೆತ್ತಿದ ಗೊಂಬೆಯನ್ನು ಮಾತಾಡಿಸುವಂಥದ್ದು. ಇಪ್ಪತ್ತು ವರ್ಷ ಹೆಣ್ಣಿನ ಬಗ್ಗೆ ಹಾಡುಕಟ್ಟಿದ ಅಶ್ವಥ್ ಇಲ್ಲಿ ಬಳೆಗಾರನನ್ನೂ ಗಂಡನನ್ನೂ ಸಂತನನ್ನೂ ಆಚೆ ಕಳಿಸಿ, ಅವಳೊಬ್ಬಳನ್ನೇ ಮಾತಾಡಲು ಬಿಟ್ಟಿದ್ದಾರೆ. ತಮ್ಮ ಎತ್ತರದ ದನಿಯನ್ನು ತಾವೇ ಬದಿಗಿಟ್ಟಿದ್ದಾರೆ.

ಈ ತೀರ್ಮಾನ ನನ್ನೊಬ್ಬಳದಲ್ಲ. ಆ ಸಿನಿಮಾ ಬಂದ ಮರುವರ್ಷ ನಾವು ಚಿಕ್ಕಬಾಣಾವರದಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ವಠಾರವೊಂದರಲ್ಲಿದ್ದೆವು. ಆಗ ಇದಿನ್ನೂ ಹಳ್ಳಿ. ಕೆರೆ, ತೋಟ, ತುಮಕೂರಿನ ಕಡೆ ಹೋಗುವ ಪ್ಯಾಸೆಂಜರ್ ರೈಲು. ಪೀಣ್ಯದಲ್ಲಿ ಕೆಲಸ ಮಾಡುವವರು ಬಾಡಿಗೆ ಕಡಿಮೆಯೆಂದು ಬಂದು ಸೇರುತ್ತಿದ್ದರು. ಮೂಲೆಮನೆಗೆ ಗದಗಿನ ಕಡೆಯ ಹೊಸ ದಂಪತಿ ಬಂದರು. ಅವನಿಗೆ ರಾತ್ರಿ ಪಾಳಿ. ಹೊರಡುವಾಗ ಹೊರಗಿನಿಂದ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ಹೋಗುತ್ತಿದ್ದ. ಕೇಳಿದರೆ, "ಊರು ಹೊಸದು ಟೀಚರ್, ಕಾಲ ಸರಿ ಇಲ್ಲ" ಎನ್ನುತ್ತಿದ್ದ. ವಠಾರದವರೂ "ಜವಾಬ್ದಾರಿಯ ಹುಡುಗ" ಎಂದರು. ನಾನು ಮನೆಯ ಯಜಮಾನರಿಗೆ ಹೇಳಿನೋಡಿದೆ, ಅವರು ಗಂಡ ಹೆಂಡಿರ ವಿಷಯವೆಂದು ಕೈತೊಳೆದುಕೊಂಡರು.

ಆ ಹುಡುಗಿ ಕಿಟಕಿಯ ಸರಳಿನ ಹಿಂದೆ ನಿಂತು ನನ್ನ ಮನೆಯ ಹಾಡು ಕೇಳುತ್ತಿದ್ದಳು. "ಅಕ್ಕೋರ, ಆ ಪದ ನಮ್ಮ ಕಡೀದು, ಇನ್ನೊಮ್ಮಿ ಹಚ್ಚರಿ" ಎಂದಳು ಒಂದು ದಿನ. ನಾನು ಸರಳಿನ ಸಂದಿಯಿಂದ ಟೇಪ್ ರೆಕಾರ್ಡರ್ ತೂರುವುದಿಲ್ಲವೆಂದು ಕ್ಯಾಸೆಟ್ಟನ್ನಷ್ಟೇ ಕೊಟ್ಟೆ. ಅವಳಲ್ಲಿ ಮದುವೆಗೆ ಕೊಟ್ಟ ಚಿಕ್ಕ ಸೆಟ್ಟೊಂದಿತ್ತು. ಸಿನಿಮಾ ಅವಳು ನೋಡಿರಲಿಲ್ಲ. ಹಾಡುಗಳ ನಡುವಿನ ಕಥೆಯನ್ನು ನಾಲ್ಕಾರು ರಾತ್ರಿ ನಾನೇ ಕಿಟಕಿಯಾಚೆ ಮೆಟ್ಟಿಲ ಮೇಲೆ ಕೂತು ಹೇಳಿದೆ. ರಾಣಿ ಹುತ್ತದೊಳಗೆ ಕೈಯಿಟ್ಟು ಹಾವು ಹಿಡಿದು ಪ್ರಮಾಣ ಮಾಡುತ್ತಾಳೆ, ಊರು ಅವಳನ್ನು ದೇವಿಯೆಂದು ಕೈಮುಗಿಯುತ್ತದೆ, ಗಂಡ ತಲೆಬಾಗುತ್ತಾನೆ ಎಂದು ಮುಗಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕಳು.

"ಅಲ್ರಿ ಅಕ್ಕೋರ, ಕೀಲಿ ತಗಸಬೇಕಂದ್ರ ಹೆಣಮಗಳು ದೇವೀನ ಆಗಬೇಕೇನ್ರಿ?"

ಆ ನಾಟಕದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ನನ್ನನ್ನು ಅಷ್ಟು ಕಾಡಿಲ್ಲ. ಒಂದು ವರ್ಷದೊಳಗೆ ಅವರು ಮನೆ ಖಾಲಿ ಮಾಡಿದರು. ಹೊರಡುವ ದಿನ ಕ್ಯಾಸೆಟ್ಟು ವಾಪಸು ಕೊಟ್ಟಳು, ಟೇಪು ಎಲ್ಲೋ ಸಿಕ್ಕಿಕೊಂಡು ಹರಿದಿತ್ತು, ಉಗುರುಬಣ್ಣ ಹಚ್ಚಿ ಅಂಟಿಸಿದ್ದಳು. ಆ ವಠಾರದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಬೈಯಪ್ಪನಹಳ್ಳಿಯ ಕಡೆಯಿಂದ ನಮ್ಮೂರಿಗೆಂದು ಯೋಜಿಸಿರುವ ಉಪನಗರ ರೈಲು ಮಾರ್ಗಕ್ಕೆ 2022ರಲ್ಲಿ ಶಂಕುಸ್ಥಾಪನೆಯಾಯಿತು, ಅದಕ್ಕೆ 'ಮಲ್ಲಿಗೆ' ಎಂದೇ ಹೆಸರಿಟ್ಟಿದ್ದಾರೆ. ನರಸಿಂಹಸ್ವಾಮಿಯವರಿದ್ದಿದ್ದರೆ ನಗುತ್ತಿದ್ದರೇನೋ.

'ನಾಗಮಂಡಲ'ದ ಹಾಡುಗಳು ಫೋನಿನಲ್ಲಿ ಇಡಿಯಾಗಿ ಸಿಗುತ್ತವೆ, ಮಗಳು ಹಾಕಿಕೊಟ್ಟಿದ್ದಾಳೆ. ಗೊಂಬೆಯ ಹಾಡು ನಡುವಿಗೆ ಬಂದಾಗ, ಅವಳು ಅಂಟಿಸಿದ ಜಾಗದಲ್ಲಿ, ನನ್ನ ಕಿವಿ ಇವತ್ತಿಗೂ ಒಂದು ಮಾತು ತಪ್ಪಿಹೋಗುವುದನ್ನು ಕಾಯುತ್ತದೆ.