ಬೈಪೋಲಾರ್ ಮನೋವ್ಯಾಧಿ ಮತ್ತು ಹೋಮಿಯೋಪತಿ: ದೆಹಲಿ

ಉನ್ಮಾದ, ಖಿನ್ನತೆ ಎಂಬ ಪರಸ್ಪರ ವಿಪರೀತವಾದ ಅವಸ್ಥೆಗಳು ಒಬ್ಬನೇ ವ್ಯಕ್ತಿಯಲ್ಲಿ ಕಾಲಕಾಲಕ್ಕೆ ಮರುಕಳಿಸುತ್ತ, ನಡುನಡುವೆ ಪೂರ್ಣ ಸ್ವಾಸ್ಥ್ಯಕ್ಕೂ ಎಡೆಗೊಡಬಲ್ಲ ಮನೋವ್ಯಾಧಿಗೆ ಬೈಪೋಲಾರ್ ಎಂದು ಹೆಸರು. ಹೋಮಿಯೋಪತಿಯಿಂದ ಇದನ್ನು ಶಮನಗೊಳಿಸಿಕೊಳ್ಳಬೇಕೆಂಬ ಆಸೆಗೆ ದೆಹಲಿಯಲ್ಲಿ ಸರ್ಕಾರದ ಆಶ್ರಯವುಂಟು. ಡಿಫೆನ್ಸ್ ಕಾಲೊನಿಯಲ್ಲಿ 1967ರಲ್ಲಿ ಸ್ಥಾಪಿತವಾದ ನೆಹರೂ ಹೋಮಿಯೋಪತಿ ವೈದ್ಯಕೀಯ ಕಾಲೇಜೂ ಆಸ್ಪತ್ರೆಯೂ ಇವೆ. 1978ರಲ್ಲಿ ರೂಪುಗೊಂಡ ಕೇಂದ್ರೀಯ ಹೋಮಿಯೋಪತಿ ಸಂಶೋಧನಾ ಪರಿಷತ್ತಿನ ಮುಖ್ಯ ಕಾರ್ಯಾಲಯ ಜನಕಪುರಿಯಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಾದರೋ ಮನೋರೋಗ ವಿಷಯದಲ್ಲಿ ಹೋಮಿಯೋಪತಿಯ ಸ್ನಾತಕೋತ್ತರ ಪದವಿ ಪಡೆದವರನ್ನು ಮಾನಸಿಕ ಆರೋಗ್ಯ ವೃತ್ತಿನಿರತರೊಳಗೆ ಎಣಿಸಿದೆ. ಕಾನೂನಿನ ಮಾನ್ಯತೆಯೇ ಔಷಧದ ಗುಣಕ್ಕೆ ಪ್ರಮಾಣವೆಂದು ರೋಗಿಯ ಮನೆಯವರು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಪ್ರಮಾಣವಲ್ಲ.

ಈ ಪದ್ಧತಿಯ ಪ್ರವರ್ತಕನಾದ ಜರ್ಮನಿಯ ಹಾನೆಮಾನ್, ಹುಚ್ಚರೆನಿಸಿಕೊಂಡವರನ್ನು ಸರಪಳಿಯಲ್ಲಿ ಬಿಗಿದು ಹೊಡೆಯುತ್ತಿದ್ದ ಕಾಲದಲ್ಲಿ, 1792ರಷ್ಟು ಹಿಂದೆಯೇ ಗೇಯಾರ್ಗೆಂಟಾಲ್‌ನಲ್ಲಿ ಉನ್ಮತ್ತನೊಬ್ಬನನ್ನು ಶಿಕ್ಷೆಯಿಲ್ಲದೆ, ದಯೆಯಿಂದ ಉಪಚರಿಸಿದನೆಂಬುದು ವೈದ್ಯಚರಿತ್ರೆಯಲ್ಲಿ ಗೌರವದಿಂದ ಸ್ಮರಿಸತಕ್ಕ ಸಂಗತಿ. 1810ರಲ್ಲಿ ಮೊದಲು ಪ್ರಕಟವಾದ ಅವನ ‘ಆರ್ಗನಾನ್’ ಗ್ರಂಥದ ಮುಂದಿನ ಆವೃತ್ತಿಗಳಲ್ಲಿ 210ರಿಂದ 230ನೆಯ ಸೂತ್ರಗಳು ಮನೋರೋಗಕ್ಕೇ ಮೀಸಲಾಗಿವೆ. ಬೆಲಡೋನ, ಸ್ಟ್ರಾಮೋನಿಯಂ, ಹಯೋಸಯಾಮಸ್‌ಗಳನ್ನು ತೀವ್ರ ಉನ್ಮಾದಕ್ಕೆ ಅವನೇ ಸೂಚಿಸಿದ್ದಾನೆ. ರೋಗಿಯ ನಿದ್ರೆ, ಭಯ, ಸ್ವಪ್ನ, ಸ್ವಭಾವಗಳನ್ನು ವೈದ್ಯನು ಸಾವಧಾನವಾಗಿ ಕೇಳಿ ಬರೆದುಕೊಳ್ಳುವ ಕ್ರಮ ಅವನಿಂದಲೇ ಬಂದದ್ದು. ಕಿಕ್ಕಿರಿದ ಆಸ್ಪತ್ರೆಗಳಲ್ಲಿ ದೊರೆಯದ ಈ ಆಲಿಸುವಿಕೆಯಿಂದಲೇ ಎಷ್ಟೋ ಮಂದಿಗೆ ಸಮಾಧಾನವಾಗುತ್ತದೆ.

ಔಷಧದ ವಿಷಯ ಬೇರೆ. ಹೋಮಿಯೋಪತಿಯ ಕ್ರಮದಲ್ಲಿ ಒಂದಕ್ಕೆ ನೂರರಂತೆ ಮೂವತ್ತು ಸಲ ತೆಳುಗೊಳಿಸಿದ ದ್ರಾವಣದಲ್ಲಿ ಮೂಲದ್ರವ್ಯದ ಒಂದು ಅಣುವಾದರೂ ಉಳಿದಿರುವ ಸಂಭವ ಇಲ್ಲವೆನ್ನುವಷ್ಟು ಅಲ್ಪ. ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಲಿಯು ಲಭ್ಯ ಪ್ರಯೋಗಗಳನ್ನು ಪರಿಶೀಲಿಸಿ, ಯಾವ ರೋಗದಲ್ಲಿಯೂ ಹೋಮಿಯೋಪತಿ ಫಲಕಾರಿಯೆಂಬುದಕ್ಕೆ ನಂಬತಕ್ಕ ಆಧಾರವಿಲ್ಲವೆಂದು 2015ರಲ್ಲಿ ತೀರ್ಮಾನಿಸಿತು. ಬೈಪೋಲಾರ್ ಇದಕ್ಕೆ ಅಪವಾದವಲ್ಲ.

ಆಸ್ಟ್ರೇಲಿಯದವನೇ ಆದ ಮನೋವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಲಿಥಿಯಂ ಉಪಯುಕ್ತವೆಂದು ತೋರಿಸಿದನು. ರಕ್ತಪರೀಕ್ಷೆಯಿಂದ ಪ್ರಮಾಣವನ್ನು ನಿರ್ಧರಿಸಿ, ಮೂತ್ರಪಿಂಡ, ಥೈರಾಯ್ಡ್‌ಗಳ ಮೇಲೆ ಎಚ್ಚರವಿಟ್ಟು ಕೊಡಬೇಕಾದ ಈ ಲವಣವು ರೋಗ ಮರುಕಳಿಸುವುದನ್ನೂ ಆತ್ಮಹತ್ಯೆಯನ್ನೂ ತಗ್ಗಿಸುತ್ತದೆ. ಇದನ್ನು ಹಠಾತ್ತನೆ ನಿಲ್ಲಿಸಿದವರಲ್ಲಿ ಉನ್ಮಾದವು ಬೇಗನೆ ಹಿಂದಿರುಗುವುದುಂಟು. ಸಕ್ಕರೆಯ ಗುಳಿಗೆಯನ್ನು ನಂಬಿ ಲಿಥಿಯಂ ಬಿಡುವುದೇ ಹೋಮಿಯೋಪತಿ ಚಿಕಿತ್ಸೆಯ ನಿಜವಾದ ಅಪಾಯ. ದೆಹಲಿಯ ದಿಲ್‌ಶಾದ್ ಗಾರ್ಡನ್ನಿನಲ್ಲಿರುವ, ಇಹಬಾಸ್ ಎಂದು ಪ್ರಸಿದ್ಧವಾದ ಸರ್ಕಾರಿ ಸಂಸ್ಥೆಯಲ್ಲಿ ಮನೋವೈದ್ಯರಿದ್ದಾರೆ. ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ದೊರೆಯುತ್ತದೆ. ಹೋಮಿಯೋಪತಿಯನ್ನು ಅವಲಂಬಿಸಬಯಸುವವರು ಅದನ್ನು ಮನೋವೈದ್ಯರಿಗೆ ತಿಳಿಸಲಿ, ಅವರ ಅನುಮತಿಯಿಲ್ಲದೆ ಯಾವ ಔಷಧವನ್ನೂ ನಿಲ್ಲಿಸದಿರಲಿ.