ಜಯನಗರ ವಿಧಾನಸಭಾ ಕ್ಷೇತ್ರ

ಜಯನಗರವು ಬೆಂಗಳೂರು ನಗರದ ದಕ್ಷಿಣ ಭಾಗದಲ್ಲಿರುವ, ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳಲ್ಲಿ 173ನೆಯ ಸಂಖ್ಯೆಯ ಕ್ಷೇತ್ರ. ಇದು ಮೀಸಲಿಲ್ಲದ ಸಾಮಾನ್ಯ ಕ್ಷೇತ್ರ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಇದೂ ಒಂದು. 2023ರ ಚುನಾವಣೆಯಲ್ಲಿ ಇಲ್ಲಿನ ಫಲಿತಾಂಶ 16 ಮತಗಳಲ್ಲಿ ತೀರ್ಮಾನವಾದದ್ದರಿಂದ ಕ್ಷೇತ್ರದ ಹೆಸರು ರಾಜ್ಯದಾಚೆಗೂ ಕೇಳಿಬಂತು. ಆದರೆ ಈ ಕ್ಷೇತ್ರದ ರಾಜಕೀಯ ಇಂದಿನ ರೂಪ ಪಡೆದದ್ದು 2008ರ ಗಡಿ ಬದಲಾವಣೆಯಿಂದ.

ಬಡಾವಣೆ ಮತ್ತು ಕ್ಷೇತ್ರ

ಜಯನಗರ ಬಡಾವಣೆಗೆ 1948ರಲ್ಲಿ ಅಡಿಗಲ್ಲು ಬಿತ್ತು. ಆಗಿನ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಬ್ಲಾಕುಗಳ ಲೆಕ್ಕದಲ್ಲಿ ನಿವೇಶನ ವಿಂಗಡಿಸಿ, ಅಗಲವಾದ ರಸ್ತೆ, ಉದ್ಯಾನ, ಮಾರುಕಟ್ಟೆಗಳಿಗೆ ಮೊದಲೇ ಜಾಗ ಬಿಟ್ಟು ಕಟ್ಟಿದ ಬಡಾವಣೆ ಇದು. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರಿಂದ ಈ ಹೆಸರು ಬಂತೆಂಬುದು ರೂಢಿಯಲ್ಲಿರುವ ವಿವರಣೆ.

ಬಡಾವಣೆ ಮತ್ತು ಕ್ಷೇತ್ರ ಒಂದೇ ಎಂದು ತಿಳಿಯುವುದು ತಪ್ಪಾಗುತ್ತದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಕಾಲದಲ್ಲಿ ಈ ಕ್ಷೇತ್ರದೊಳಗೆ ಏಳು ವಾರ್ಡುಗಳಿದ್ದವು: ಪಟ್ಟಾಭಿರಾಮನಗರ, ಬೈರಸಂದ್ರ, ಜಯನಗರ ಪೂರ್ವ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ ಮತ್ತು ಶಾಕಾಂಬರಿ ನಗರ. ಬರೀ 'ಜಯನಗರ' ಎಂಬ ಹೆಸರಿದ್ದ 153ನೆಯ ವಾರ್ಡ್ ಈ ಕ್ಷೇತ್ರದಲ್ಲಿರಲೇ ಇಲ್ಲ. ಅದು ಚಿಕ್ಕಪೇಟೆ ಕ್ಷೇತ್ರಕ್ಕೆ ಸೇರಿತ್ತು. ಪಕ್ಕದ ಯಡಿಯೂರು ಪದ್ಮನಾಭನಗರಕ್ಕೆ ಹೋಗಿತ್ತು. ಹೀಗಾಗಿ ಜಯನಗರದ ವಿಳಾಸವಿರುವ ಎಷ್ಟೋ ಮನೆಗಳವರು ಮತ ಹಾಕುವುದು ಬೇರೆ ಕ್ಷೇತ್ರದ ಅಭ್ಯರ್ಥಿಗಳಿಗೆ. ಇನ್ನೊಂದು ಕಡೆ, ಮುಂದೆ ಬೆಳೆದ ಜೆ.ಪಿ. ನಗರದವರು ಜಯನಗರದ ಶಾಸಕರನ್ನು ಆರಿಸುತ್ತಾರೆ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದ ಮೇಲೂ ವಿಧಾನಸಭಾ ಕ್ಷೇತ್ರದ ಗಡಿ ಹಳೆಯದೇ ಉಳಿದಿದೆ.

ಹಳೆಯ ಬ್ಲಾಕುಗಳಲ್ಲಿ ನಿವೃತ್ತ ನೌಕರರ, ಮಧ್ಯಮ ವರ್ಗದವರ ಮನೆಗಳು ಹೆಚ್ಚು. ತಿಲಕ್‌ನಗರ, ಗುರಪ್ಪನಪಾಳ್ಯಗಳಲ್ಲಿ ಮುಸ್ಲಿಂ ಮತದಾರರ ಸಂಖ್ಯೆ ದೊಡ್ಡದು. ರಾಗಿಗುಡ್ಡದ ಆಂಜನೇಯ ದೇವಸ್ಥಾನದ ಸುತ್ತಮುತ್ತ ಬಡವರ ವಸತಿಗಳೂ ಇವೆ. ಕೆಲವೇ ಕಿಲೋಮೀಟರ್ ಅಂತರದಲ್ಲಿ ಇಷ್ಟು ಭಿನ್ನ ಮತಗಟ್ಟೆಗಳು ಇರುವುದೇ ಇಲ್ಲಿನ ಪೈಪೋಟಿಗೆ ಮುಖ್ಯ ಕಾರಣವೆನ್ನಬಹುದು.

1978–2004

1978ರಲ್ಲಿ ವಿಧಾನಸಭೆಯ ಸ್ಥಾನಗಳು 216ರಿಂದ 224ಕ್ಕೆ ಏರಿದವು. ಜಯನಗರ ಹೆಸರಿನ ಕ್ಷೇತ್ರಕ್ಕೆ ಮೊದಲ ಚುನಾವಣೆ ನಡೆದದ್ದು ಆಗಲೇ. ಆ ವರ್ಷ ದೇವರಾಜ ಅರಸರ ಇಂದಿರಾ ಕಾಂಗ್ರೆಸ್ ರಾಜ್ಯವನ್ನು ಗೆದ್ದರೂ ಜಯನಗರ ಜನತಾ ಪಕ್ಷದ ಎಂ. ಚಂದ್ರಶೇಖರ್ ಅವರ ಪಾಲಾಯಿತು. 1983 ಮತ್ತು 1985ರಲ್ಲೂ ಅವರೇ ಗೆದ್ದರು. 1989ರ ಕಾಂಗ್ರೆಸ್ ಅಲೆಯಲ್ಲಿ ಆರಿಸಿಬಂದ ರಾಮಲಿಂಗಾ ರೆಡ್ಡಿ 1994, 1999 ಮತ್ತು 2004ರಲ್ಲೂ ಸ್ಥಾನ ಉಳಿಸಿಕೊಂಡರು. ಇವುಗಳಲ್ಲಿ ಹೆಚ್ಚು ಗಮನಿಸಬೇಕಾದದ್ದು 1994ರ ಗೆಲುವು. ರಾಜ್ಯದಲ್ಲಿ ಕಾಂಗ್ರೆಸ್ ನೆಲಕಚ್ಚಿದ ವರ್ಷವದು.

2008ರ ಪುನರ್ವಿಂಗಡಣೆ

1978ರಿಂದ 2004ರವರೆಗಿನ ಎಲ್ಲ ಚುನಾವಣೆಗಳೂ 1971ರ ಜನಗಣತಿಯ ಆಧಾರದ ಮೇಲೆ ಎಳೆದ ಗಡಿಯೊಳಗೆ ನಡೆದವು. ಸಂವಿಧಾನದ 42ನೆಯ ತಿದ್ದುಪಡಿ ಸ್ಥಾನಗಳ ಹಂಚಿಕೆಯನ್ನು ತಡೆಹಿಡಿದಿತ್ತು. ಅಷ್ಟರಲ್ಲಿ ಬೆಂಗಳೂರು ಹಲವು ಪಟ್ಟು ಬೆಳೆದಿತ್ತು. ಆ ಗಡಿಗಳು ನಗರದ ಮತದಾರನಿಗೆ ಮಾಡಿದ ಅನ್ಯಾಯ ಸಣ್ಣದಲ್ಲ. ನಗರದಂಚಿನ ಉತ್ತರಹಳ್ಳಿ, ವರ್ತೂರುಗಳಂಥ ಕ್ಷೇತ್ರಗಳು ಒಬ್ಬ ಶಾಸಕನ ಕೈಗೆ ಎಟುಕದಷ್ಟು ಹಿಗ್ಗಿದ್ದವು.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯನ್ನು ಆಧರಿಸಿ ಹೊಸ ಗಡಿ ಎಳೆಯಿತು. ರಾಜ್ಯದ ಒಟ್ಟು ಸ್ಥಾನಗಳು 224ರಲ್ಲೇ ಉಳಿದರೂ ಹಳ್ಳಿಗಾಡಿನ ಲೆಕ್ಕದಲ್ಲಿದ್ದ ಸ್ಥಾನಗಳು ನಗರದ ಕಡೆಗೆ ಸರಿದವು. ಉತ್ತರಹಳ್ಳಿ, ಬಿನ್ನಿಪೇಟೆ, ಜಯಮಹಲ್, ಭಾರತೀನಗರ, ವರ್ತೂರು ಕ್ಷೇತ್ರಗಳು ಇಲ್ಲವಾದವು. ಬೊಮ್ಮನಹಳ್ಳಿ, ಮಹದೇವಪುರ, ಪದ್ಮನಾಭನಗರ, ಬಿಟಿಎಂ ಲೇಔಟ್ ಮುಂತಾದವು ಹುಟ್ಟಿದವು. ದೇಶದಲ್ಲಿ ಈ ಹೊಸ ಗಡಿಗಳ ಪ್ರಕಾರ ಮೊದಲು ಚುನಾವಣೆಗೆ ಹೋದ ರಾಜ್ಯ ಕರ್ನಾಟಕ, ಮೇ 2008ರಲ್ಲಿ.

ಜಯನಗರದ ಮಟ್ಟಿಗೆ ಇದರ ಪರಿಣಾಮ ಎದ್ದು ಕಾಣುವಂಥದ್ದು. ಹಳೆಯ ಕ್ಷೇತ್ರದ ಪೂರ್ವದ ಕಡೆಯ ಭಾಗಗಳು ಬಿಟಿಎಂ ಲೇಔಟ್‌ಗೆ ಹೋದವು. ಮತದಾರರ ಜೊತೆಯಲ್ಲೇ ಶಾಸಕರೂ ಹೋದರು. ರಾಮಲಿಂಗಾ ರೆಡ್ಡಿ ಅಲ್ಲಿಂದ 2008, 2013, 2018 ಮತ್ತು 2023ರಲ್ಲಿ ಗೆದ್ದಿದ್ದಾರೆ. ಉಳಿದ ಜಯನಗರದಲ್ಲಿ ಭಾರತೀಯ ಜನತಾ ಪಕ್ಷದ ಬಿ.ಎನ್. ವಿಜಯಕುಮಾರ್ 2008 ಮತ್ತು 2013ರಲ್ಲಿ ಆಯ್ಕೆಯಾದರು. ಗಡಿ ಬದಲಾಗದೆ ಹೋಗಿದ್ದರೆ ಇಲ್ಲಿ ಪಕ್ಷ ಬದಲಾಗುತ್ತಿತ್ತೇ ಎಂಬುದನ್ನು ಖಚಿತವಾಗಿ ಹೇಳಲಾಗದು. ಮತದಾರರ ಮನಸ್ಸಿಗಿಂತ ನಕ್ಷೆಯ ಗೆರೆಯೇ ಹೆಚ್ಚು ಕೆಲಸ ಮಾಡಿತೆಂದು ನಂಬಲು ಮಾತ್ರ ಕಾರಣಗಳಿವೆ.

ಆ ಗಡಿಯೂ ಈಗ ಹಳೆಯದಾಗಿದೆ. ಬೆಳೆಯಲು ಖಾಲಿ ಜಾಗವಿಲ್ಲದ ಜಯನಗರದಲ್ಲಿ ಮತದಾರರು ಸುಮಾರು 2 ಲಕ್ಷ. ಹೊರವಲಯದ ಮಹದೇವಪುರ, ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳಲ್ಲಿ ಆ ಸಂಖ್ಯೆ 5 ಲಕ್ಷ ದಾಟಿದೆ.

2018: ಮುಂದೂಡಿದ ಚುನಾವಣೆ

2018ರ ಮೇ 12ಕ್ಕೆ ಮತದಾನ ನಿಗದಿಯಾಗಿತ್ತು. ಪ್ರಚಾರದಲ್ಲಿದ್ದ ವಿಜಯಕುಮಾರ್ ಕುಸಿದು ಬಿದ್ದು ಮೇ 4ರಂದು ತೀರಿಕೊಂಡರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮೊದಲು ಮೃತಪಟ್ಟರೆ 1951ರ ಪ್ರಜಾಪ್ರತಿನಿಧಿ ಕಾಯಿದೆಯ 52ನೆಯ ಕಲಮಿನಂತೆ ಮತದಾನ ಮುಂದಕ್ಕೆ ಹೋಗುತ್ತದೆ, ಪಕ್ಷಕ್ಕೆ ಬೇರೆ ಅಭ್ಯರ್ಥಿಯನ್ನು ನಿಲ್ಲಿಸಲು ಅವಕಾಶ ಸಿಗುತ್ತದೆ. ಬಿಜೆಪಿ ವಿಜಯಕುಮಾರ್ ಅವರ ತಮ್ಮ ಬಿ.ಎನ್. ಪ್ರಹ್ಲಾದ ಬಾಬು ಅವರಿಗೆ ಟಿಕೆಟ್ ಕೊಟ್ಟಿತು. ಮತದಾನ ಜೂನ್ 11ರಂದು ನಡೆಯಿತು. ಅಷ್ಟರಲ್ಲಿ ವಿಧಾನಸೌಧದಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ಬಂದಾಗಿತ್ತು, ಜೆಡಿಎಸ್ ಕಣದಿಂದ ಹಿಂದೆ ಸರಿದಿತ್ತು. ರಾಮಲಿಂಗಾ ರೆಡ್ಡಿ ಅವರ ಮಗಳು ಸೌಮ್ಯಾ ರೆಡ್ಡಿ 2,889 ಮತಗಳಿಂದ ಗೆದ್ದರು. ಈ ಕ್ಷೇತ್ರದಿಂದ ಗೆದ್ದ ಮೊದಲ ಮಹಿಳೆ ಅವರು.

2023ರ ಎಣಿಕೆ

2023ರ ಮೇ 13ರ ಎಣಿಕೆ ಕ್ಷೇತ್ರದೊಳಗಿನದೇ ಕಾಲೇಜಿನಲ್ಲಿ ನಡೆಯಿತು. ಮತಯಂತ್ರಗಳ ಸುತ್ತುಗಳು ಮುಗಿದಾಗ ಸೌಮ್ಯಾ ರೆಡ್ಡಿ ಅಲ್ಪ ಮುನ್ನಡೆಯಲ್ಲಿದ್ದರೆಂದು ವರದಿಯಾಗಿತ್ತು. ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಡೆಯವರು ಮರುಎಣಿಕೆ ಕೇಳಿದರು. ವಾದವೆಲ್ಲ ಬಂದು ನಿಂತದ್ದು ಮೊದಲ ಎಣಿಕೆಯಲ್ಲಿ ಬದಿಗಿಟ್ಟಿದ್ದ 177 ಅಂಚೆ ಮತಗಳ ಮೇಲೆ.

ಅಂಚೆ ಮತವನ್ನು ಎಣಿಸುವ ಕ್ರಮ ತಿಳಿಯದೆ ಈ ತಕರಾರು ಅರ್ಥವಾಗದು. ಮತದಾರ ಗುರುತು ಹಾಕಿದ ಮತಪತ್ರವನ್ನು ಸಣ್ಣ ಲಕೋಟೆಯಲ್ಲಿಟ್ಟು ಅಂಟಿಸುತ್ತಾನೆ; ಇದು ನಮೂನೆ 13-ಬಿ. ತನ್ನ ಸಹಿಯಿರುವ, ಅಧಿಕಾರಿಯೊಬ್ಬರು ದೃಢೀಕರಿಸಿದ ಘೋಷಣೆ ನಮೂನೆ 13-ಎ. ಎರಡನ್ನೂ ದೊಡ್ಡ ಲಕೋಟೆಗೆ, ಅಂದರೆ 13-ಸಿಗೆ, ಹಾಕಿ ಕಳಿಸಬೇಕು. ಎಣಿಕೆ ಮೇಜಿನಲ್ಲಿ ಮೊದಲು ದೊಡ್ಡ ಲಕೋಟೆ ಒಡೆದು ಘೋಷಣೆಯನ್ನು ನೋಡುತ್ತಾರೆ. ಸಹಿಯಿಲ್ಲದಿದ್ದರೆ, ದೃಢೀಕರಣವಿಲ್ಲದಿದ್ದರೆ, ಮತಪತ್ರದ ಕ್ರಮಸಂಖ್ಯೆ ಹೊಂದದಿದ್ದರೆ ಒಳಗಿನ ಲಕೋಟೆಯನ್ನು ಒಡೆಯುವುದೇ ಇಲ್ಲ. ಹೀಗೆ ತಿರಸ್ಕೃತವಾದ ಮತ ಯಾರಿಗೆ ಬಿದ್ದಿತ್ತೆಂದು ಆ ಮೇಜಿನ ಸುತ್ತ ಕೂತ ಯಾವ ಏಜೆಂಟನಿಗೂ ಗೊತ್ತಿರುವುದಿಲ್ಲ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಿದ್ದರೆ, ಫಲಿತಾಂಶ ಸಾರುವ ಮೊದಲು ಅವನ್ನೆಲ್ಲ ಮತ್ತೆ ಪರಿಶೀಲಿಸಬೇಕೆಂಬುದು ಚುನಾವಣಾ ಆಯೋಗದ ನಿಯಮ.

ಎರಡೂ ಪಕ್ಷದ ಮುಖಂಡರು ಎಣಿಕೆ ಕೇಂದ್ರಕ್ಕೆ ಧಾವಿಸಿದರು. ಹೊರಗೆ ಕಾಂಗ್ರೆಸ್ ಕಾರ್ಯಕರ್ತರೊಂದಿಗೆ ಡಿ.ಕೆ. ಶಿವಕುಮಾರ್ ಪ್ರತಿಭಟಿಸಿದರು. ರಾತ್ರಿ ಬಹಳ ಹೊತ್ತಿನ ಮೇಲೆ ಫಲಿತಾಂಶ ಹೊರಬಂತು: ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ನೋಟಾಕ್ಕೆ ಬಿದ್ದ ಮತಗಳೂ, ಕಾಂಗ್ರೆಸ್ ಅಭ್ಯರ್ಥಿಯ ಹೆಸರನ್ನೇ ಹೋಲುವ ಪಕ್ಷೇತರ ಅಭ್ಯರ್ಥಿಗೆ ಬಿದ್ದ ಮತಗಳೂ ಈ ಅಂತರದ ಹಲವು ಪಟ್ಟು ಇದ್ದವು. ಸೋತ ಅಭ್ಯರ್ಥಿ ಫಲಿತಾಂಶವನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು.

ರಾಜ್ಯದಲ್ಲಿ ಇದಕ್ಕಿಂತ ಕಡಿಮೆ ಅಂತರದ ಫಲಿತಾಂಶವೂ ಬಂದದ್ದಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಒಂದೇ ಮತದಿಂದ, 40,751ಕ್ಕೆ ಎದುರಾಗಿ 40,752ರಿಂದ, ಗೆದ್ದಿದ್ದರು. ಆದರೆ ಅರ್ಧದಷ್ಟು ಮತದಾರರು ಮತಗಟ್ಟೆಗೇ ಬಾರದ ಬೆಂಗಳೂರಿನಲ್ಲಿ 16 ಮತಗಳ ಅಂತರಕ್ಕೆ ಬೇರೆಯೇ ತೂಕವಿದೆ. ಒಂದು ಬೀದಿಯ ಎರಡು ಮೂರು ಮನೆಗಳ ಮತ ಅದು.

ಲೋಕಸಭಾ ಚುನಾವಣೆಗಳು

ಬೆಂಗಳೂರು ದಕ್ಷಿಣವನ್ನು 1996ರಿಂದ 2018ರಲ್ಲಿ ತೀರಿಕೊಳ್ಳುವವರೆಗೆ ಅನಂತಕುಮಾರ್ ಪ್ರತಿನಿಧಿಸಿದರು, 2019ರಿಂದ ತೇಜಸ್ವಿ ಸೂರ್ಯ ಪ್ರತಿನಿಧಿಸುತ್ತಿದ್ದಾರೆ. 2024ರಲ್ಲಿ ಸೌಮ್ಯಾ ರೆಡ್ಡಿ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ಸೋತರು.